ಕಾಯಿಕೊರಕಕ್ಕೆ ಕೆಂಪು ಬಾಟಲಿ

ಕಾಫಿ ತೋಟ ಇರುವವನು ಗೊಂದಲವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಗೇಟು ತೆಗೆದು ಒಳಗೆ ಬರುತ್ತದೆ. ಗಡಿಯಾಚೆ, ಮರಕ್ಕಡವಿನ ಹತ್ತಿರದ ನಮ್ಮ ತೋಟಕ್ಕೆ ಅದು ಎಳ್ಳಿನಷ್ಟು ಚಿಕ್ಕ ಕಪ್ಪು ಹುಳವಾಗಿ ಬಂತು. ಹೆಸರು ಕಾಯಿಕೊರಕ. ವ್ಯಾಪಾರಿ ನಮ್ಮ ಬೀಜವನ್ನು ಅಂಗೈಯಲ್ಲಿ ಹರಡಿಕೊಂಡು, "ಮಣಿಸರ ಮಾಡಿ, ತೂತು ರೆಡಿ ಇದೆ" ಎಂದು ಮೂಟೆ ವಾಪಸ್ ಕಳಿಸಿದ. ಮುಂದಿನ ಕೊಯ್ಲಿನಲ್ಲೂ ಹೀಗೇ ಆದರೆ ತನ್ನ ಅಂಗಡಿ ಕಡೆ ತಲೆ ಹಾಕಬೇಡಿ ಎಂದ.

೧. ವಾಸನೆ

ಕಾಫಿ ಆಫೀಸರು ಬಂದು ತೋಟದಲ್ಲಿ ಕೆಂಪು ಬಾಟಲಿಯಂಥ ಬಲೆಗಳನ್ನು ತೂಗುಹಾಕಿಸಿದರು. ಒಳಗೆ ಸ್ಪಿರಿಟ್ಟು, ಕೆಳಗೆ ಸೋಪಿನ ನೀರು. ಅವರು ಮಲಯಾಳದಲ್ಲಿ ಹೇಳಿದ್ದನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ಕುಡಿಸಿ ಸಾಯಿಸೋದಾ?"

"ಕುಡಿಯಲ್ಲ ಅವ್ವ, ಬರೀ ವಾಸನೆಗೆ ಬರ್ತವೆ."

"ನಿಮ್ಮಪ್ಪನೂ ಹಂಗೇ ಹೇಳೋರು."

೨. ಒಳ್ಳೆಯದು

ಮೊದಲ ವಾರ ಬಲೆಯಲ್ಲಿ ಒಂದು ಹಿಡಿ ಹುಳ. ಆಫೀಸರಿಗೆ ಫೋನ್ ಮಾಡಿದೆ. "ಒಳ್ಳೆಯದು, ಬಲೆ ಕೆಲಸ ಮಾಡ್ತಿದೆ." ಎರಡನೇ ವಾರ ಒಂದೂ ಇಲ್ಲ. "ಒಳ್ಳೆಯದು, ಹುಳ ಕಮ್ಮಿ ಆಗಿದೆ." ಮೂರನೇ ವಾರ ಮತ್ತೆ ಒಂದು ಹಿಡಿ. "ಒಳ್ಳೆಯದು" ಎಂದು ಅವರು ಶುರು ಮಾಡುವಷ್ಟರಲ್ಲಿ ತಡೆದು ಕೇಳಿದೆ: "ಸಾರೇ, ಕೆಟ್ಟದ್ದು ಅಂತ ಗೊತ್ತಾಗೋದು ಯಾವಾಗ?"

"ಅದನ್ನ ವ್ಯಾಪಾರಿ ಹೇಳ್ತಾನೆ."

೩. ಉಪಕಾರ

ಪಕ್ಕದ ತೋಟದವರು ಬೇಲಿಯಾಚೆಯಿಂದ ಕೈಮುಗಿದರು. "ಚೇಟ್ಟಾ, ನನ್ನ ಹುಳವೆಲ್ಲ ನಿಮ್ಮ ಬಲೆಗೇ ಬರ್ತಿದಾವೆ. ದೊಡ್ಡ ಉಪಕಾರ. ಬೇಲಿ ಹತ್ತಿರ ಇನ್ನೆರಡು ಕಟ್ಟಿಬಿಡಿ."

ಆ ದಿನವೆಲ್ಲ ಸತ್ತ ಹುಳಗಳ ಮುಂದೆ ಕೂತಿದ್ದೆ. ಯಾವುದು ನಮ್ಮದು, ಯಾವುದು ಅವರದು ಎಂದು ತಿಳಿಯಲಿಲ್ಲ.

೪. ಕಡೇ ಗಿಡ

ಗಿಡದಲ್ಲಾಗಲಿ ನೆಲದಲ್ಲಾಗಲಿ ಒಂದು ಕಾಯಿಯೂ ಉಳಿಯಬಾರದು, ಉಳಿದ ಕಾಯಿಯಲ್ಲೇ ಹುಳದ ಸಂಸಾರ ಎಂದಿದ್ದರು ಆಫೀಸರು. ಎಲ್ಲವನ್ನೂ ಆರಿಸಿದ್ದೆ. ಆದರೂ ಬಲೆ ತುಂಬುತ್ತಲೇ ಇತ್ತು. ಕೊನೆಗೆ ಆಫೀಸರೇ ಬಂದು ಹುಡುಕಿದರು. ಬಾವಿಯ ಹಿಂದೆ ಒಂದು ಗಿಡದ ತುಂಬ ಒಣಗಿದ ಕಾಯಿ, ಕಾಯಿಗೊಂದು ತೂತು.

ನಮ್ಮ ಮನೆಯಲ್ಲಿ ಕೊಯ್ಲಿನ ಕಡೇ ಗಿಡವನ್ನು ಹಕ್ಕಿಗೆ ಬಿಡುವುದು ಪದ್ಧತಿ. ಬಿಡುವವಳು ಅವ್ವ. ಆ ಗಿಡ ನನಗೆ ಕಂಡಿರಲಿಲ್ಲ ಎಂದಲ್ಲ. ಅದೂ ತೋಟದ್ದೇ ಎಂದು ಹೊಳೆದಿರಲಿಲ್ಲ.

"ಇದನ್ನ ಈಗಲೇ ಕಿತ್ತು ಕುದಿಯೋ ನೀರಿಗೆ ಹಾಕದಿದ್ರೆ ಮೂಟೆ ಮತ್ತೆ ವಾಪಸ್" ಎಂದರು ಆಫೀಸರು. ಅದನ್ನೂ ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

ಅವ್ವ ಜಗಳವಾಡಲಿಲ್ಲ. ಒಳಗಿಂದ ಬುಟ್ಟಿ ತಂದು, ಒಂದೊಂದೇ ಕಾಯಿ ಕೀಳುತ್ತ ಆಫೀಸರ ಕಡೆ ತಿರುಗಿ ಅಂದಳು:

"ಊರಿನ ಹುಳಕ್ಕೆಲ್ಲ ಬಾಟಲಿ ಇಟ್ಟು ಕರೆದೋರು ನೀವು. ನೆಂಚಿಕೊಳ್ಳೋಕೆ ನಾಲ್ಕು ಕಾಯಿ ಇಟ್ಟೋಳದ್ದು ಮಾತ್ರ ತಪ್ಪಾ?"