ಅಪ್ಪನ ಇನ್‌ಹೇಲರಿಗೆ ಟ್ರಯಲ್ ರನ್

ನಮ್ಮ ಮನೆಗೆ ಯಾವ ಹೊಸ ವಸ್ತು ಬಂದರೂ ಇಂಥದ್ದೊಂದು ಟ್ರಯಲ್ ರನ್ ನಡೆಯದೆ ಇರುವುದಿಲ್ಲ. ಅಪ್ಪ ವಿಶಾಖಪಟ್ಟಣದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಇಂಜಿನಿಯರ್. ಹಾಸನದಿಂದ ಬರುವಾಗ ಕನ್ನಡವನ್ನೂ ಉಬ್ಬಸವನ್ನೂ ಜೊತೆಗೇ ತಂದವರು. ಅವರ ಕಾರ್ಖಾನೆಯಲ್ಲಿ ಒಂದು ಮೆಷಿನ್ ಬದಲಾಯಿಸಬೇಕಾದರೆ ಕಮಿಟಿ ಕೂರಬೇಕು, ಅದೇ ಮೆಷಿನ್ ಓಡುತ್ತಿರುವ ಬೇರೆ ಊರಿಗೆ ಹೋಗಿ ನೋಡಿ ಬರಬೇಕು, ಟ್ರಯಲ್ ರನ್ ಆಗಬೇಕು, ಕೊನೆಗೆ ತೆಂಗಿನಕಾಯಿ ಒಡೆದು ಚಾಲೂ ಮಾಡಬೇಕು. ಈ ಪದ್ಧತಿಯನ್ನು ಅಪ್ಪ ನಮ್ಮ ಟೌನ್‌ಶಿಪ್ ಕ್ವಾರ್ಟರ್ಸಿಗೂ ತಂದಿದ್ದರು. ಹೊಸ ಮಿಕ್ಸಿ ಬಂದಾಗ ಹಳೆಯದು ಒಂದು ವರ್ಷ 'ಸ್ಟ್ಯಾಂಡ್‌ಬೈ' ಎಂದು ಪಕ್ಕದಲ್ಲೇ ಕೂತಿತ್ತು.

ಆದ್ದರಿಂದ ಡಾಕ್ಟರು "ಸಾರ್, ಇನ್‌ಹೇಲರ್ ಬದಲಾಯಿಸೋಣ" ಎಂದ ದಿನ ನನಗೆ ನಗು ಬರಲಿಲ್ಲ, ಭಯವಾಯಿತು.

"ಈ ನೀಲಿಯದು ಆ ಹೊತ್ತಿಗೆ ಮಾತ್ರ ಉಸಿರು ಬಿಡಿಸುತ್ತೆ. ಒಳಗಿನ ಊತ ಹಾಗೇ ಇದೆ. ಬೆಳಿಗ್ಗೆ, ಸಾಯಂಕಾಲ ತಪ್ಪದೆ ಎಳ್ಕೊಳ್ಳೋ ಪುಡಿ ಇನ್‌ಹೇಲರ್ ಶುರು ಮಾಡಿ. ಹೀಗೇ ಬಿಟ್ರೆ ಒಂದು ದಿನ ಆಸ್ಪತ್ರೆ ತನಕ ಬರೋಷ್ಟು ಉಸಿರೂ ಉಳಿಯಲ್ಲ."

"ಯೋಚನೆ ಮಾಡಿ ಹೇಳ್ತೀನಿ" ಎಂದು ಅಪ್ಪ ಎದ್ದರು, ಡಾಕ್ಟರು ಟೆಂಡರ್ ಹಾಕಿದ್ದರೇನೋ ಅನ್ನುವ ಹಾಗೆ.

ನನಗೆ ಮಾತ್ರ ಗೊತ್ತಿದ್ದ ಸಂಗತಿ ಇನ್ನೊಂದಿತ್ತು. ಅಪ್ಪ ನೀಲಿ ಇನ್‌ಹೇಲರ್ ಒತ್ತಿದಾಗ ಬಿಳಿ ಹೊಗೆ ಬಾಯಿಂದ ಹಾಗೇ ಆಚೆ ಬಂದುಬಿಡುತ್ತಿತ್ತು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ. ಡಬ್ಬಿಯೊಳಗಿನ ಚೀಟಿಯನ್ನು ನಾನು ಓದಿದ್ದೆ. ಅದು ಹೊರಗೆ ಬರಬಾರದು. ಆದರೆ ಇಸ್ಕೂಲಿನಲ್ಲಿ ಉತ್ತರ ಗೊತ್ತಿದ್ದಾಗಲೂ ಕೈ ಎತ್ತದವಳು ನಾನು. ಇನ್ನು ಅಪ್ಪನಿಗೆ, ಅದೂ ಇಂಜಿನಿಯರ್ ಅಪ್ಪನಿಗೆ, "ನಿಮಗೆ ಒತ್ತೋಕೆ ಬರಲ್ಲ" ಅನ್ನುವುದು ಹೇಗೆ?

1. ಹೊಸ ದೇವರು

ಒಂದು ಭಾನುವಾರ ಅಪ್ಪ ನೀಲಿ ಇನ್‌ಹೇಲರಿನೊಳಗಿನ ಲೋಹದ ಡಬ್ಬಿಯನ್ನು ತೆಗೆದು ನೀರಿನಲ್ಲಿ ಬಿಟ್ಟರು. ಮುಳುಗಿದರೆ ಔಷಧಿ ಇದೆ, ತೇಲಿದರೆ ಖಾಲಿ ಎಂಬುದು ಅವರ ನಂಬಿಕೆ. ಕೈಗೆ ಸಿಕ್ಕಿದ್ದು ದೇವರ ಮನೆಯ ತಾಮ್ರದ ಬಟ್ಟಲು. ಡಬ್ಬಿ ತೇಲಿತು. ತೆಗೆದು ಒತ್ತಿ ನೋಡಿದರು. ಏನೂ ಬರಲಿಲ್ಲ.

"ಬೆಳಿಗ್ಗೆ ತಾನೇ ಎರಡು ಸಲ ತಗೊಂಡು 'ಈಗ ಹಗುರ ಆಯ್ತು' ಅಂದ್ರಲ್ಲ?" ಎಂದು ಅಮ್ಮ ಕೇಳಿದರು. ಅಪ್ಪ ಅದನ್ನು ಮತ್ತೆ ನೀರಿಗೇ ಬಿಟ್ಟು, ಇನ್ನೊಂದು ನೀಲಿಯದನ್ನು ಹುಡುಕಲು ಕಪಾಟಿನ ಕಡೆ ಹೋದರು. ಆ ನಾಲ್ಕು ಹೆಜ್ಜೆಗೇ ಏದುಸಿರು.

ಅಷ್ಟರಲ್ಲಿ ಎದುರು ಮನೆಯ ತೆಲುಗು ಆಂಟಿ ಸಿಂಹಾಚಲಂ ದೇವಸ್ಥಾನದ ಪ್ರಸಾದ ಹಿಡಿದು ಒಳಗೆ ಬಂದರು. ತಾಮ್ರದ ಬಟ್ಟಲು, ನೀರು, ನೀರಿನಲ್ಲಿ ಬೆಳ್ಳಿಯಂತೆ ಹೊಳೆಯುವ ಪುಟ್ಟದೊಂದು ಮೂರ್ತಿ. ಆಂಟಿ ಚಪ್ಪಲಿ ಬಿಟ್ಟಿದ್ದೇನೆಯೇ ಎಂದು ಒಮ್ಮೆ ಕಾಲು ನೋಡಿಕೊಂಡರು. ಎರಡು ಬೆರಳನ್ನು ನೀರಿಗದ್ದಿ ಕಣ್ಣಿಗೊತ್ತಿಕೊಂಡರು.

"ವದಿನಾ, ಏ ದೇವುಡಂಡಿ ಇದಿ?" ಇದು ಯಾವ ದೇವರು ಎಂದು ಅಮ್ಮನನ್ನು ಕೇಳಿದರು.

ಅಮ್ಮ ಬಟ್ಟಲು ನೋಡಿದರು, ಕಪಾಟಿಗೆ ಒರಗಿ ನಿಂತ ಅಪ್ಪನನ್ನು ನೋಡಿದರು.

"ನಮ್ಮ ಯಜಮಾನರ ಮನೆದೇವರು. ಇದೊಂದನ್ನ ಬಿಟ್ಟು ಬೇರೆ ಯಾರ ಮಾತೂ ಅವರು ಕೇಳಲ್ಲ."

2. ಕಮಿಟಿ

ಮುಂದಿನ ವಾರ ವರಾಂಡದಲ್ಲಿ ಕಮಿಟಿ ಕೂತಿತು. ಅಪ್ಪನ ಜೊತೆ ಕೆಲಸ ಮಾಡುವ ನಾಲ್ಕು ಜನ, ನಾಲ್ಕು ಲೋಟ ಕಾಫಿ. ಅಪ್ಪ ಒಂದು ಹಾಳೆಯಲ್ಲಿ ಗೆರೆ ಎಳೆದು 'ಹಳೆಯದು', 'ಹೊಸದು' ಎಂದು ಬರೆದಿದ್ದರು. ಶಬ್ದ ಎಂಬ ಸಾಲಿನಲ್ಲಿ ಹಳೆಯದಕ್ಕೆ 'ಪುಸ್', ಹೊಸದಕ್ಕೆ 'ಗೊತ್ತಿಲ್ಲ'.

"ಶಬ್ದ ಇಲ್ದಿದ್ರೆ ಓಡ್ತಿದೆ ಅಂತ ಗೊತ್ತಾಗೋದು ಹೇಗೆ?" ಇದು ಅಪ್ಪನ ಮುಖ್ಯ ಆಕ್ಷೇಪಣೆ. ನಡುವೆ ಎರಡು ಸಲ ನಿಲ್ಲಿಸಿ ಉಸಿರು ತಗೊಂಡು ಕೇಳಿದರು.

"ಅದು ಸ್ಟೀರಾಯ್ಡ್ ಅಂತಲ್ಲ ಸಾರ್. ಮುಖ ಊದಿಕೊಳ್ಳುತ್ತಂತೆ" ಎಂದರು ಒಬ್ಬರು.

"ಎಳ್ಕೊಳ್ಳೋದು ಒಂದು ಚಿಟಿಕೆಯಷ್ಟೂ ಇಲ್ಲವಂತೆ ಕಣ್ರೀ, ಅದರಲ್ಲಿ ಏನು ಊದುತ್ತೆ?" ಎಂದರು ಇನ್ನೊಬ್ಬರು.

ಮೂರನೆಯವರು ತಲೆಯಾಡಿಸಿದರು. "ಊದೋದು ಬಿಡಿ. ಅಭ್ಯಾಸ ಆಗ್ಬಿಟ್ರೆ? ಆಮೇಲೆ ಬಿಡಬೇಕು ಅಂದ್ರೂ ಬಿಡೋಕಾಗಲ್ಲ."

ನಾಲ್ಕನೆಯವರು ಕಾಫಿ ಮುಗಿಸಿ ತೀರ್ಪು ಕೊಟ್ಟರು: ಬೇರೆ ಊರಲ್ಲಿ ಓಡುತ್ತಿರುವುದನ್ನು ಕಣ್ಣಾರೆ ನೋಡದೆ ಯಾವ ನಿರ್ಧಾರವೂ ಬೇಡ. ಎಲ್ಲರೂ ಒಪ್ಪಿದರು. ನಾಲ್ವರಲ್ಲಿ ಒಬ್ಬರಿಗೂ ಉಬ್ಬಸವಿರಲಿಲ್ಲ. ಅವರು ಸ್ಕೂಟರ್ ಒದ್ದು ಹೊರಟರೂ ಅಪ್ಪ 'ಹೋಗಿ ಬನ್ನಿ' ಎನ್ನುವುದಕ್ಕೆ ಉಸಿರು ಕೂಡಿಸಿಕೊಳ್ಳುತ್ತಲೇ ಇದ್ದರು.

ಅಮ್ಮ ಲೋಟ ಎತ್ತುತ್ತಾ ನನ್ನ ಕಡೆ ತಿರುಗಿ ಹೇಳಿದರು: "ಅಭ್ಯಾಸ ಆಗುತ್ತಂತೆ! ನಿಮ್ಮಪ್ಪ ಉಸಿರಾಡೋ ಅಭ್ಯಾಸಾನ ಬಿಡೋ ಯೋಚನೆಯಲ್ಲಿದ್ದಾರಾ ಕೇಳೇ."

3. ಓಡುತ್ತಿರುವ ಮೆಷಿನ್

ಬೇರೆ ಊರು ಎಂದರೆ ವಿಜಯವಾಡ. ಅಪ್ಪನ ತಂಗಿ, ನನ್ನ ಅತ್ತೆ, ತೆಲುಗರ ಮನೆಗೆ ಸೊಸೆಯಾಗಿ ಹೋಗಿ ಅಲ್ಲಿನ ಭವಾನಿಪುರಂನಲ್ಲಿದ್ದಾರೆ. ಅವರ ಯಜಮಾನರನ್ನು ನಾನು ಮಾವಯ್ಯ ಎನ್ನುತ್ತೇನೆ. ಮಾವಯ್ಯನಿಗೂ ಉಬ್ಬಸ. ಎರಡು ತಿಂಗಳ ಹಿಂದೆ ಅವರು ಪುಡಿ ಇನ್‌ಹೇಲರಿಗೆ ಬದಲಾಗಿದ್ದರು. ಅತ್ತೆಯ ಮಗಳ ಸೀಮಂತಕ್ಕೆ ಹೋದೆವು. ಅಪ್ಪನ ಮಟ್ಟಿಗೆ ಅದು ಇನ್ಸ್‌ಪೆಕ್ಷನ್. ಡೈರಿ, ಪೆನ್ನು ಹಿಡಿದೇ ರೈಲು ಹತ್ತಿದ್ದರು.

"ರಂಡಿ ಬಾವಗಾರು, ಚೂಡಂಡಿ!" ಬನ್ನಿ ಭಾವ, ನೋಡಿ ಎಂದು ಮಾವಯ್ಯ ಊಟದ ಮೇಜಿನ ಮೇಲೆ ಎಲ್ಲ ಜೋಡಿಸಿದರು. ಪುಡಿ ತುಂಬಿದ ಕ್ಯಾಪ್ಸೂಲು, ಪ್ಲಾಸ್ಟಿಕ್ಕಿನ ಸಾಧನ, ಒಂದು ಲೋಟ ಮಜ್ಜಿಗೆ.

ಮಜ್ಜಿಗೆ ಯಾಕೆ ಎಂದು ನಾನು ಯೋಚಿಸುವಷ್ಟರಲ್ಲಿ ಮಾವಯ್ಯ ಕ್ಯಾಪ್ಸೂಲನ್ನು ನಾಲಿಗೆಯ ಮೇಲಿಟ್ಟು ಗಟಗಟ ಮಜ್ಜಿಗೆ ಕುಡಿದು ನುಂಗಿದರು. ಆಮೇಲೆ ಖಾಲಿ ಸಾಧನವನ್ನು ಬಾಯಿಗಿಟ್ಟು ಎರಡು ಸಲ ಸೊಯ್ ಎಂದು ಗಾಳಿ ಎಳೆದರು.

"ಎರಡು ತಿಂಗಳಿಂದ ಹೀಗೇ. ಸೂಪರ್!" ಎಂದು ಹೇಳಿ ಒಂದು ನಿಮಿಷ ಕೆಮ್ಮಿದರು.

ಕ್ಯಾಪ್ಸೂಲನ್ನು ಸಾಧನದೊಳಗೆ ಹಾಕಿ, ಒಡೆದು, ಪುಡಿಯನ್ನು ಎಳೆದುಕೊಳ್ಳಬೇಕು. ಇದನ್ನು ನೋಡಿ ಅಪ್ಪನೂ ಹೀಗೇ ಮಾಡಿದರೆ ಇರುವ ಅಷ್ಟಿಷ್ಟು ಉಸಿರೂ ಹೋಯಿತು. ಧೈರ್ಯ ತಂದುಕೊಂಡೆ.

"ಮಾವಯ್ಯ, ಅದು ನುಂಗೋ..."

ಕುಕ್ಕರ್ ಕೂಗಿತು.

"ಏಮ್ಮಾ, ಏನಂದೆ?" ಎಲ್ಲರೂ ನನ್ನನ್ನೇ ನೋಡಿದರು. ಅತ್ತೆ, ಅವರ ಮಗಳು, ಬೀಗರ ಕಡೆಯ ಇಬ್ಬರು.

"ಏನಿಲ್ಲ ಮಾವಯ್ಯ. ಕುಕ್ಕರ್ ಕೂಗ್ತಿದೆ ಅಂದೆ."

ಅಪ್ಪ ಡೈರಿ ತೆಗೆದು 'ತೃಪ್ತಿಕರ' ಎಂದು ಬರೆದು ಅಡಿಗೆರೆ ಎಳೆದರು. ಅದರ ಕೆಳಗೆ ಇನ್ನೊಂದು ಸಾಲು: 'ಮಜ್ಜಿಗೆ ಕಡ್ಡಾಯ.'

4. ಮಂಗಳಗಿರಿ ಸೀರೆ

ಮರುದಿನ ಅತ್ತೆ, ಮಾವಯ್ಯ ನಮ್ಮನ್ನೆಲ್ಲ ಸೀರೆ ಕೊಳ್ಳಲು ಹತ್ತಿರದ ಮಂಗಳಗಿರಿಗೆ ಕರೆದುಕೊಂಡು ಹೋದರು. ಕಿರಿದಾದ ಅಂಗಡಿ, ನೆಲದ ಮೇಲೆ ಹಾಸಿಗೆ, ಒಂದರ ಮೇಲೊಂದು ಬಿಚ್ಚುತ್ತಿದ್ದ ಹೊಸ ಕಾಟನ್ ಸೀರೆಗಳು. ಗಂಜಿ ವಾಸನೆ, ಗಾಳಿಯಲ್ಲಿ ಹತ್ತಿಯ ಧೂಳು. ಹಸಿರು ಸೀರೆ ಬಿಚ್ಚುವ ಹೊತ್ತಿಗೆ ಅಪ್ಪನ ಮಾತು ನಿಂತಿತು. ಹೆಗಲು ಮೇಲಕ್ಕೆ ಹೋಯಿತು. ಎದೆಯಿಂದ ಸಿಳ್ಳೆಯಂಥ ಶಬ್ದ.

ಜೇಬಿನಿಂದ ನೀಲಿಯದನ್ನು ತೆಗೆದು ಒತ್ತಿದರು. ಪುಸ್. ಬಿಳಿ ಹೊಗೆ ಹಸಿರು ಸೀರೆಯ ಮೇಲೆ ಹೋಯಿತು. ಮತ್ತೆ ಪುಸ್. ಸೆರಗಿನ ಮೇಲೆ. ಅಪ್ಪನ ತುಟಿಯ ಬಣ್ಣ ಬದಲಾಗುತ್ತಿತ್ತು. ಅಮ್ಮ ಅವರ ಬೆನ್ನು ನೀವುತ್ತಾ ನನ್ನ ಮುಖ ನೋಡಿದರು. ಆಗ ನನ್ನೊಳಗಿನಿಂದ ಯಾರೋ ಕಿರುಚಿದರು.

"ಅಪ್ಪಾ! ನೀವು ಸೀರೆಗೆ ಔಷಧಿ ಹೊಡೀತಿದ್ದೀರ! ಮೊದಲು ಉಸಿರು ಬಿಡಿ. ತುಟಿ ಮುಚ್ಚಿ. ನಿಧಾನವಾಗಿ ಎಳೀತಾ ಒತ್ತಿ. ಈಗ ಹಿಡ್ಕೊಳ್ಳಿ!"

ಅಪ್ಪ ಹಿಡಿದುಕೊಂಡರು. ಈ ಸಲ ಹೊಗೆ ಬರಲಿಲ್ಲ. ಸ್ವಲ್ಪ ತಡೆದು ಇನ್ನೊಂದು ಸಲ ಹಾಗೇ ಮಾಡಿಸಿದೆ. ಆಚೆ ಕಟ್ಟೆಯ ಮೇಲೆ ಕೂರಿಸಿದೆವು. ಹತ್ತು ನಿಮಿಷದಲ್ಲಿ ಹೆಗಲು ಇಳಿಯಿತು, ಸಿಳ್ಳೆ ಸಣ್ಣದಾಯಿತು. ಅಪ್ಪ ಆಡಿದ ಮೊದಲ ಮಾತು:

"ಅಂದ್ರೆ ಮೆಷಿನ್ ಸರಿ ಇದೆ. ಆಪರೇಟರ್ ಸರಿ ಇರಲಿಲ್ಲ. ಹಾಗಾದ್ರೆ ಬದಲಾಯಿಸೋದು ಯಾಕೆ?"

ನನಗೆ ಅಳು ಬಂತು. ಆದರೆ ಒಮ್ಮೆ ತೆರೆದ ಬಾಯಿ ಮುಚ್ಚಲಿಲ್ಲ. "ಅಪ್ಪ, ನೀಲಿಯದು ಬೆಂಕಿ ಆರಿಸೋಕೆ. ಹೊಸದು ಬೆಂಕಿ ಹತ್ತದ ಹಾಗೆ ನೋಡ್ಕೊಳ್ಳೋಕೆ. ಫೈರ್ ಎಂಜಿನ್ ಇದೆ ಅಂತ ನಿಮ್ಮ ಪ್ಲಾಂಟಲ್ಲಿ ಮೆಂಟೆನೆನ್ಸ್ ನಿಲ್ಲಿಸ್ತೀರಾ?"

ಅಪ್ಪ ನೀಲಿಯದನ್ನು ಜೇಬಿಗೆ ಹಾಕಿಕೊಂಡರು. "ಮೆಂಟೆನೆನ್ಸ್ ಅಂತ ಆ ಡಾಕ್ಟರು ಮೊದಲೇ ಹೇಳಬಾರದಿತ್ತಾ?" ಎಂದರು. "ಬದಲಾಯಿಸೋಣ."

"ಟ್ರಯಲ್ ರನ್?" ಎಂದರು ಅಮ್ಮ, ನಂಬಲಾಗದೆ.

"ಈಗ ಆಯ್ತಲ್ಲ."

ಅದೇ ಬಿಸಿಯಲ್ಲಿ ನಾನು ಮಾವಯ್ಯನ ಕಡೆ ತಿರುಗಿ ಆ ಕ್ಯಾಪ್ಸೂಲು ನುಂಗುವುದಲ್ಲ ಎಂದೂ ಹೇಳಿಬಿಟ್ಟೆ. ಮಾವಯ್ಯ ಪೆಚ್ಚಾದರು. "ಮತ್ತೆ ಎರಡು ತಿಂಗಳು ನನಗೆ ಅಷ್ಟು ಗುಣ ಕಾಣಿಸಿತಲ್ಲಮ್ಮಾ?"

ಅತ್ತೆ ಅಂಗಡಿಯ ಬಾಗಿಲಲ್ಲೇ ನಿಂತು ಹಸಿರು ಸೀರೆ ಮಡಚುತ್ತಾ ಹೇಳಿದರು: "ಕಾಣಿಸಿರುತ್ತೆ. ಎರಡು ತಿಂಗಳಿಂದ ನಿಮ್ಮ ಹೊಟ್ಟೆಗೆ ಒಂದು ಸಲಾನೂ ಉಬ್ಬಸ ಬಂದಿಲ್ಲ."

5. ಚಾಲೂ

ವಿಶಾಖಪಟ್ಟಣಕ್ಕೆ ಬಂದ ಮೇಲೆ ಡಾಕ್ಟರು ಹೊಸದನ್ನು ಬರೆದುಕೊಟ್ಟು, ಮುಂದೆ ಕೂರಿಸಿಕೊಂಡು ಹೇಳಿಕೊಟ್ಟರು. ನೀಲಿಯದು ಜೇಬಿನಲ್ಲೇ ಇರಲಿ ಎಂದರು. "ಸ್ಟ್ಯಾಂಡ್‌ಬೈ" ಎಂದು ಅಪ್ಪ ಬಹಳ ಸಮಾಧಾನದಿಂದ ತಲೆಯಾಡಿಸಿದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಚಾಲೂ. ಕಮಿಟಿಯ ನಾಲ್ವರೂ ಬಂದರು. ಎದುರು ಮನೆಯ ಆಂಟಿ ಹೂ ತಂದರು. ಅಮ್ಮ ಕುಂಕುಮ ಹಿಡಿದು ಇನ್‌ಹೇಲರಿನ ಬಾಯಿಗೇ ಹಚ್ಚಲು ಹೋದಾಗ ನಾನು "ಡಬ್ಬಿಗೆ ಹಚ್ಚಮ್ಮ, ಡಬ್ಬಿಗೆ!" ಎಂದು ತಡೆದೆ. ವಿಜಯವಾಡದಿಂದ ಮಾವಯ್ಯನೂ ಅದೇ ಹೊತ್ತಿಗೆ ತಮ್ಮದನ್ನು ಸರಿಯಾಗಿ ಶುರು ಮಾಡುತ್ತೇನೆಂದು ಫೋನ್ ಮಾಡಿದ್ದರು. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆವು.

"ಆರ್ಡರ್ ಕೊಡಮ್ಮ" ಎಂದರು ಅಪ್ಪ. "ಮಂಗಳಗಿರಿಯಲ್ಲಿ ಕೊಟ್ಟ ಹಾಗೆ."

ಮಾವಯ್ಯನಿಗೂ ಕೇಳಲೆಂದು ನಾನು ಫೋನಿನ ಕಡೆ ಬಾಗಿದೆ.

"ಕ್ಯಾಪ್ಸೂಲ್ ಒಳಗೆ ಹಾಕಿ ಒಡೀರಿ. ಉಸಿರು ಪೂರ್ತಿ ಆಚೆ ಬಿಡಿ. ಈಗ ಜೋರಾಗಿ ಎಳ್ಕೊಳ್ಳಿ! ಹಿಡ್ಕೊಳ್ಳಿ!"

ಗಿರ್ರ್ ಎಂದು ಒಳಗೆ ಏನೋ ತಿರುಗಿತು. ಅಪ್ಪನ ಕಣ್ಣು ದೊಡ್ಡದಾಯಿತು. ಉಸಿರು ಹಿಡಿದಿದ್ದರಿಂದ ಮಾತಾಡುವ ಹಾಗಿಲ್ಲ. ಒಂದು ಬೆರಳಿನಲ್ಲಿ ಇನ್‌ಹೇಲರನ್ನೂ ಇನ್ನೊಂದರಲ್ಲಿ ಕಿವಿಯನ್ನೂ ತೋರಿಸಿದರು. ಗೋಡೆ ಗಡಿಯಾರ ನೋಡಿಕೊಂಡು ಹತ್ತು ಸೆಕೆಂಡಿಗೆ ತಾವೇ ಉಸಿರು ಬಿಟ್ಟು ಕೂಗಿದರು:

"ಶಬ್ದ ಇದೆ ಕಣ್ರೀ! ಓಡ್ತಿದೆ!"

ಕಮಿಟಿ ಚಪ್ಪಾಳೆ ತಟ್ಟಿತು. ಕಾಯಿ ಒಡೆಯಿತು. ಆಂಟಿ ಹೂ ಹಾಕಿದರು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನೂ ಆ ಕಡೆ ತಿರುಗಿ ನಿಂತೆ. ಅಪ್ಪ ಬಾಯಿ ಮುಕ್ಕಳಿಸಿ ಬಂದು ಎಲ್ಲರಿಗೂ ಕಾಯಿ ಚೂರು ಹಂಚತೊಡಗಿದರು.

ಆಗ ಮೇಜಿನ ಮೇಲಿಂದ ಅತ್ತೆಯ ಕಿರುಚಾಟ ಕೇಳಿಸಿತು.

"ಲೇ ಹುಡುಗಿ! 'ಬಿಡಿ' ಅನ್ನೇ ಬೇಗ! ಇಲ್ಲಿ ನಿಮ್ಮ ಮಾವಯ್ಯ ಇನ್ನೂ ಹಿಡ್ಕೊಂಡೇ ಕೂತಿದ್ದಾರೆ!"