ನನ್ನ ಬಲಗಾಲಿನ ಆಸೆ

ಇನ್ನೊಬ್ಬರ ಹೊಲ, ಮನೆ, ಹೊಸ ಸೈಕಲ್ಲು ನೋಡಿ ಹೊಟ್ಟೆ ಉರಿದುಕೊಳ್ಳುವವರನ್ನು ನಾನು ಬಲ್ಲೆ. ಅದರಲ್ಲಿ ಒಂದು ಅರ್ಥವಾದರೂ ಇದೆ. ನನಗೆ ಹೊಟ್ಟೆಕಿಚ್ಚು ಬಂದದ್ದು ಇನ್ನೊಬ್ಬನ ವಿನಯ ನೋಡಿ. ಆ ಇನ್ನೊಬ್ಬ ಎಂದರೆ ನಮ್ಮ ಪಕ್ಕದ ಮನೆಯ ಇನ್ನಾಸಪ್ಪ, ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಫಿಟ್ಟರು. ನಾನು ನಿಟ್ಟುವಳ್ಳಿಯ ಶಾಲೆಯಲ್ಲಿ ಮೇಷ್ಟ್ರು. ಓದು ಬರಹದಲ್ಲಿ ಅವನು ನನ್ನ ಹತ್ತಿರ ಸುಳಿಯುವಂತಿರಲಿಲ್ಲ. ಭಕ್ತಿಯಲ್ಲಿ ಮಾತ್ರ ವರ್ಷದುದ್ದಕ್ಕೂ ನನಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿದ್ದ. ಬೇಕೆಂದು ಮುಂದೆ ಹೋಗಿದ್ದರೆ ಕ್ಷಮಿಸಬಹುದಿತ್ತು. ತಾನು ಮುಂದಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಕ್ರಿಸ್ಮಸ್ಸಿಗೆ ನಾನು ಬಣ್ಣದ ಕಾಗದ ತಂದು, ಕನ್ನಡಿಯ ಚೂರಿನಿಂದ ಕೊಳ ಮಾಡಿ, ನಾಲ್ಕು ದಿನ ಕೂತು ಬಾಲಯೇಸುವಿನ ಗೋದಲಿ ಕಟ್ಟಿದರೆ, ಇನ್ನಾಸಪ್ಪ ಗಿರಣಿಯಲ್ಲಿ ಬಿಸಾಡಿದ ಹತ್ತಿಯಲ್ಲಿ ಐದು ಕುರಿ ಮಾಡಿಡುತ್ತಿದ್ದ. ಓಣಿಯ ಮಕ್ಕಳೆಲ್ಲ ಆ ಕುರಿಗಳ ಮುಂದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಬಂದರೆ ನಾನು ನಲವತ್ತು ದಿನ ಕಾಫಿ ಬಿಡುತ್ತಿದ್ದೆ, ಬಿಟ್ಟಿದ್ದನ್ನು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ. ಅವನು ಬೀಡಿ ಬಿಡುತ್ತಿದ್ದ, ಯಾರಿಗೂ ಹೇಳುತ್ತಿರಲಿಲ್ಲ. ಆದರೂ ಅದು ಊರಿಗೆಲ್ಲ ಗೊತ್ತಿರುತ್ತಿತ್ತು. ಬೂದಿ ಬುಧವಾರದಂದು ಸ್ವಾಮಿಗಳು, ಅಂದರೆ ನಮ್ಮ ಪಾದ್ರಿಗಳು, ಎಲ್ಲರ ಹಣೆಗೂ ಒಂದೇ ಬಟ್ಟಲಿನ ಬೂದಿ ಹಚ್ಚುತ್ತಿದ್ದರು. ನನ್ನದು ಮಧ್ಯಾಹ್ನದೊಳಗೆ ಉದುರಿಹೋಗುತ್ತಿತ್ತು. ದಿನವೂ ಮೂರು ಬೆರಳಿನಗಲ ವಿಭೂತಿ ಧರಿಸುವ ಕಿರಾಣಿ ಅಂಗಡಿಯ ಮರುಳಪ್ಪನವರು ಒಮ್ಮೆ ನನ್ನ ಹಣೆಯನ್ನು ಬಗ್ಗಿ ನೋಡಿ, "ವರ್ಷಕ್ಕೊಂದ್ಸಲ ಹಚ್ಕೊಂತೀರಿ, ಅದನ್ನೂ ಉಳಿಸ್ಕೊಳ್ಳಾಕ ಬರಂಗಿಲ್ಲಲ್ರಿ ಮೇಷ್ಟ್ರೆ. ಇನ್ನಾಸಪ್ಪಂದು ನೋಡ್ರಿ, ಹೆಂಗೆ ಕೂತೈತೆ" ಎಂದರು. ಆ ದಿನ ಬೆಲ್ಲ ತೆಗೆದುಕೊಳ್ಳದೆ ಬಂದುಬಿಟ್ಟೆ.

ಇದೆಲ್ಲ ತಡೆದುಕೊಂಡಿದ್ದೆ. ತಡೆಯಲಾಗದ್ದು ಪವಿತ್ರ ಗುರುವಾರದ್ದು. ಯೇಸು ಕಡೆಯ ಊಟದ ದಿನ ಶಿಷ್ಯರ ಪಾದ ತೊಳೆದ ನೆನಪಿಗೆ, ಆ ಸಂಜೆಯ ಪೂಜೆಯಲ್ಲಿ ಹನ್ನೆರಡು ಜನ ಗಂಡಸರನ್ನು ಕುರ್ಚಿಯಲ್ಲಿ ಕೂರಿಸಿ ಸ್ವಾಮಿಗಳು ಅವರ ಬಲಪಾದ ತೊಳೆಯುವುದು ಹರಿಹರದ ನಮ್ಮ ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಕೆಲವು ವರ್ಷಗಳಿಂದ ಶುರುವಾಗಿತ್ತು. ಮೊದಲನೆಯ ಕುರ್ಚಿ ಶಿಷ್ಯರಲ್ಲಿ ಮೊದಲಿಗನಾದ ಪೇತ್ರನದು. ಅದರಲ್ಲಿ ಪ್ರತಿ ವರ್ಷ ಇನ್ನಾಸಪ್ಪ. ಹನ್ನೊಂದು ಜನ ಮನೆಯಲ್ಲೇ ಕಾಲು ತಿಕ್ಕಿ ತೊಳೆದುಕೊಂಡು ಬರುತ್ತಿದ್ದರು, ಹಾಗೆ ಬರುವುದೇ ಪದ್ಧತಿ. ಇನ್ನಾಸಪ್ಪನೂ ತೊಳೆದೇ ಬರುತ್ತಿದ್ದ, ಆದರೆ ಗಿರಣಿಯ ಎಣ್ಣೆ ಅವನ ಹಿಮ್ಮಡಿಯ ಬಿರುಕುಗಳಿಂದ ಹೋಗುತ್ತಿರಲಿಲ್ಲ. ಸ್ವಾಮಿಗಳು ಆ ಪಾದ ಹಿಡಿದು ನಿಜವಾಗಿ ತೊಳೆಯುತ್ತಿದ್ದರು, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಪಾದಕ್ಕೇನು ಕಡಿಮೆ ಎಂದು ನಾನು ಕಡೆಯ ಬೆಂಚಿನಲ್ಲಿ ಕೂತು ಕುದಿಯುತ್ತಿದ್ದೆ.

ಒಂದು ವರ್ಷ ಉಪಾಯ ಮಾಡಿದೆ. ಪಾಪನಿವೇದನೆಗೆ ಹೋದಾಗ, ಸ್ವಾಮಿಗಳು ಆಚೆ ಕೂತು ಕೇಳುವ ಜಾಲರಿಯ ಈಚೆಯಿಂದ, "ಗುರುವಾರದ ಕುರ್ಚಿಯಲ್ಲಿ ಕೂರುವವನ ಮೇಲೆ ನನಗೆ ಹೊಟ್ಟೆಕಿಚ್ಚು ಸ್ವಾಮಿ" ಎಂದು ವಿವರವಾಗಿ ಹೇಳಿದೆ. ಪಾಪವೂ ಕಳೆಯಿತು, ಅರ್ಜಿಯೂ ಮುಟ್ಟಿತು ಎಂದುಕೊಂಡು ಮನೆಗೆ ಬಂದು ಹೆಂಡತಿ ತೆರೇಜಮ್ಮನ ಮುಂದೆ ನನ್ನ ಜಾಣತನ ಕೊಚ್ಚಿಕೊಂಡೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ನೀವು ಮಕ್ಕಳಿಗೆ ಪಾಠ ಹೆಂಗೆ ಹೇಳ್ತೀರೋ ನಂಗೆ ತಿಳಿವಲ್ದು" ಎಂದಳು. "ಅಲ್ಲಿ ಕೇಳಿದ್ದನ್ನ ಸ್ವಾಮೇರು ಹೊರಗ ಆಡಂಗಿಲ್ಲ. ಅದನ್ನ ಮನಸ್ಸಿನಾಗ ಇಟ್ಕೊಂಡು ಏನೂ ಮಾಡಂಗೂ ಇಲ್ಲ. ಇನ್ನ ಅವ್ರು ನಿಮ್ಮನ್ನ ಕರೀಬೇಕಂದ್ರೂ ಹೆಂಗೆ ಕರೀತಾರ? ಬಾಯಿಬಿಟ್ಟು ಕೇಳಿದ್ರೆ ಆಗ್ತಿತ್ತು."

ನನ್ನ ಬಾಗಿಲಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಆ ವರ್ಷವೂ ಇನ್ನಾಸಪ್ಪನೇ ಕೂತ, ಅದರ ಮರುವರ್ಷವೂ. ಸ್ವಾಮಿಗಳು ನನ್ನನ್ನು ಕಂಡಾಗಲೆಲ್ಲ ಮಳೆ ಬೆಳೆ ವಿಚಾರವನ್ನೇ ಮಾತಾಡುತ್ತಿದ್ದರು.

ಮೂರನೆಯ ವರ್ಷ, ಆ ಗುರುವಾರಕ್ಕೆ ನಾಲ್ಕು ದಿನ ಮುಂಚಿನ ಗರಿಗಳ ಭಾನುವಾರ, ಗುಡಿಯಿಂದ ತಂದ ತೆಂಗಿನ ಗರಿಯನ್ನು ಬಾಗಿಲ ಮೇಲೆ ಸಿಕ್ಕಿಸುತ್ತಿದ್ದೆ. ಇನ್ನಾಸಪ್ಪ ಬಂದ. "ಮೇಷ್ಟ್ರೆ, ಈ ಸಲ ನನ್ನ ಕುರ್ಚಿಗೆ ನೀವು ಕೂಡ್ರಿ. ನನ್ನ ಎಣ್ಣಿ ಕಾಲು ತಿಕ್ಕಿ ತಿಕ್ಕಿ ಸ್ವಾಮೇರಿಗೂ ಸಾಕಾಗೈತೆ. ನಾನೇ ಹೋಗಿ ಕೇಳ್ಕೊಂಡು ಬಂದೀನಿ, ಆಗಲಿ ಅಂದಾರ" ಎಂದ. ನಾನು ಮೂರು ಸಲ ಬೇಡವೆಂದೆ, ನಾಲ್ಕನೆಯ ಸಲ ಅವನು ಕೇಳದೆ ಹೋದಾನೆಂದು ಹೆದರಿ ಒಪ್ಪಿದೆ. ಅವನು ಹೋದ ಮೇಲೆ ತೆರೇಜಮ್ಮನತ್ತ ತಿರುಗಿದೆ.

"ಗುಟ್ಟು ಕಾಯ್ಬೇಕಾದೋರು ಸ್ವಾಮೇರು, ನಾನಲ್ಲ. ನಾನು ಗೋಡಿ ಮ್ಯಾಗಿಂದ ಅವನ ಹೆಂಡ್ತಿಗೆ ಹೇಳಿದ್ದೆ" ಎಂದಳು ಅವಳು.

ಗುರುವಾರ ಮಧ್ಯಾಹ್ನ ಸೀಗೆಪುಡಿ ಹಾಕಿ ಎರಡೂ ಕಾಲು ತಿಕ್ಕಿದೆ. ಹರಿಹರದ ಬಸ್ ಸ್ಟ್ಯಾಂಡಿನಿಂದ ಗುಡಿಯವರೆಗಿನ ಧೂಳಿಗೆ ಹೆದರಿ, ಮದುವೆಯಲ್ಲಿ ಕೊಟ್ಟಿದ್ದ ಬೂಟು ಕಾಲುಚೀಲ ಹೊರತೆಗೆದೆ. ಬಿಚ್ಚಿಹೋಗದಿರಲೆಂದು ಲಾಡಿಗೆ ಎರಡೆರಡು ಗಂಟು ಹಾಕಿದೆ. ಕಡೆಯ ಗಳಿಗೆಯವರೆಗೂ ಧೂಳು ತಾಕದಿರಲೆಂದು ಬೂಟಿನಲ್ಲೇ ಪೇತ್ರನ ಕುರ್ಚಿಯಲ್ಲಿ ಕೂತಾಗ ಎದೆ ಉಬ್ಬಿತು. ಸ್ವಾಮಿಗಳು ತಂಬಿಗೆ ಹಿಡಿದು ನನ್ನ ಮುಂದೆ ಮಂಡಿಯೂರಿದರು. ನಾನು ಬಗ್ಗಿ ಲಾಡಿ ಎಳೆದೆ. ಗಂಟು ಬಿಗಿಯಿತು. ಮತ್ತೆ ಎಳೆದೆ, ಇನ್ನೂ ಬಿಗಿಯಿತು. ವಯಸ್ಸಾದ ಸ್ವಾಮಿಗಳು ಮಂಡಿಯೂರಿಯೇ ಕಾದರು, ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಆಗ ಸ್ವಾಮಿಗಳ ಹಿಂದೆ ಟವಲು ಹಿಡಿದು ನಿಂತಿದ್ದವನು ನೆಲದ ಮೇಲೆ ಕೂತು, ಫಿಟ್ಟರ ಬೆರಳಿನಿಂದ ಒಂದೇ ಗಳಿಗೆಯಲ್ಲಿ ಗಂಟು ಬಿಚ್ಚಿ, ಬೂಟು ಕಳಚಿ, ಕಾಲುಚೀಲ ಎಳೆದ. ಇನ್ನಾಸಪ್ಪ. ಸ್ವಾಮಿಗಳು ನೀರು ಹಾಕಿದರು. ತೊಳೆಯಲು ಏನೂ ಇಲ್ಲದ ನನ್ನ ಪಾದದಿಂದ ನೀರು ಹಾಗೇ ಜಾರಿತು. ಇನ್ನಾಸಪ್ಪ ತಲೆ ತಗ್ಗಿಸಿ, ಬೆರಳು ಬೆರಳಿನ ಸಂದು ಬಿಡದೆ ಒರೆಸಿದ. ಹೆಂಗಸರು ಕಣ್ಣೊರೆಸಿಕೊಳ್ಳುವುದು ಕಾಣಿಸಿತು. ಅವರು ನೋಡುತ್ತಿದ್ದದ್ದು ನನ್ನ ಪಾದವನ್ನಲ್ಲ. ತೆರೇಜಮ್ಮ ಕೂಡ.

ಶನಿವಾರ, ಪಾಸ್ಕ ಅಂದರೆ ಈಸ್ಟರ್ ಹಬ್ಬದ ಹಿಂದಿನ ದಿನ, ಮತ್ತೆ ಜಾಲರಿಯ ಮುಂದೆ ಮಂಡಿಯೂರಿದೆ. "ಅದೇ ಹಳೇ ಪಾಪ ಸ್ವಾಮಿ. ಹೊಟ್ಟೆಕಿಚ್ಚು."

"ಕುರ್ಚಿ ಸಿಕ್ಕಿತಲ್ಲಪ್ಪ?" ಎಂದರು ಸ್ವಾಮಿಗಳು.

"ಕುರ್ಚಿದಲ್ಲ ಸ್ವಾಮಿ, ಟವಲಿಂದು."

ಅವರು ನಿಟ್ಟುಸಿರು ಬಿಟ್ಟು, ಪ್ರಾಯಶ್ಚಿತ್ತವಾಗಿ ಇನ್ನಾಸಪ್ಪನ ಒಳಿತಿಗಾಗಿ ಒಂದು ಪೂರ್ತಿ ಜಪಮಾಲೆ ಹೇಳು ಎಂದರು. ಕಲ್ಲುನೆಲದ ಮೇಲೆ ಮಂಡಿಯೂರಿ ಹೇಳಿ ಮುಗಿಸಿದೆ. ಏಳುವಾಗ ಹೊಳೆಯಿತು: ಪಾಪ ನನ್ನದು, ನೊಂದ ಮಂಡಿ ನನ್ನದು, ಪುಣ್ಯ ಮಾತ್ರ ಇದೂ ಅವನಿಗೇ ಹೋಯಿತು.