ಮೂರನೆಯದು ಎರಡು ಸಲ ಮುಗಿಯಿತು

ನನ್ನ ಮರೆವಿನ ವಿಷಯ ನನಗಿಂತ ನಮ್ಮ ಸುರಪುರದವರಿಗೇ ಹೆಚ್ಚು ನೆನಪಿದೆ. ಕೆಂಭಾವಿ ಸಂತೆಗೆ ಸ್ಕೂಟರ್ ಮೇಲೆ ಹೋದವನು ಬಸ್ಸು ಹತ್ತಿ ಮನೆಗೆ ಬಂದದ್ದನ್ನು ಯಾರಾದರೂ ಹೇಳಿದರೆ ನಾನೂ ಹೊಸ ಕಥೆ ಕೇಳಿದವನ ಹಾಗೆ ನಗುತ್ತೇನೆ. ಆದ್ದರಿಂದ ಶಹಾಪುರದಲ್ಲಿ ಶಿಕ್ಷಕರಿಗೆ ಕಂಪ್ಯೂಟರ್ ತರಬೇತಿ ನಡೆದಾಗ, ಪಾಠ ಹೇಳಲು ಬಂದ ಮೇಡಂ ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಒಂದು ಸಣ್ಣ ಪ್ರೋಗ್ರಾಂ ತೋರಿಸಿದ್ದೇ ತಡ, ನನಗಾಗಿಯೇ ಮಾಡಿದ್ದಾರೆ ಅನ್ನಿಸಿತು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಮುಟ್ಟುವ ಹಾಗೂ ಇಲ್ಲ. ಕರಿ ಪರದೆ, ಮೂಲೆಯಲ್ಲಿ ಮಿಣುಕುವ ಒಂದು ಗೀಟು, ಅಷ್ಟೇ. 'ಆ್ಯಡ್' ಎಂದು ಟೈಪು ಮಾಡಿ ಕೆಲಸದ ಹೆಸರು ಬರೆದರೆ ಅದಕ್ಕೊಂದು ನಂಬರ್ ಬೀಳುತ್ತದೆ. ಕೆಲಸ ಆದ ಮೇಲೆ 'ಡನ್' ಎಂದು ಬರೆದು ಆ ನಂಬರ್ ಕೊಟ್ಟರೆ ಅದು ಅಳಿದುಹೋಗಿ, ಕೆಳಗಿನವು ಒಂದೊಂದು ನಂಬರ್ ಮೇಲಕ್ಕೆ ಸರಿಯುತ್ತವೆ. "ಖರೇನಾ ಅಂತ ಇದು ಕೇಳಂಗಿಲ್ರಿ ಸರ್, ಹೇಳಿದ್ದು ಮಾಡಿಬಿಡ್ತದ," ಎಂದರು ಮೇಡಂ. ಇಪ್ಪತ್ತೆರಡು ವರ್ಷ ಎಂಟನೆಯ ತರಗತಿಗೆ ಗಣಿತ ಹೇಳಿದವನಿಗೆ ಹೇಳಿದ್ದು ಮಾಡುವವರು ಸಿಕ್ಕಿದ್ದು ಅದೇ ಮೊದಲು.

ನನ್ನ ಹೆಂಡತಿ ಶರಣಮ್ಮನಿಗೆ ಮಾತ್ರ ಅದು ಹಿಡಿಸಲಿಲ್ಲ. "ಹಾಲು ತರೋದು ಅಂತ ಬರೀಲಾಕ ಕಂಪ್ಯೂಟರ್ ಚಾಲೂ ಮಾಡ್ತೀರಿ. ಅದು ಚಾಲೂ ಆಗೋದ್ರಾಗ ಹಾಲು ತಂದು ಕಾಸಿ ಇಡಬಹುದು," ಎಂದಳು. ವಿಜ್ಞಾನದ ಪ್ರಗತಿಗೆ ಇಂಥ ವಿರೋಧ ಎಲ್ಲ ಕಾಲಕ್ಕೂ ಇದ್ದದ್ದೇ ಎಂದುಕೊಂಡು ನಾನು ಸುಮ್ಮನಾದೆ.

ಆ ಹೊತ್ತಿಗೆ ಸರಿಯಾಗಿ ನಮ್ಮ ಹೆಡ್‌ಮಾಸ್ತರರಾದ ಬಸವಂತರಾಯರು ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಯ ಜವಾಬ್ದಾರಿ ನನಗೆ ಬಂತು. ಕರಿ ಪರದೆಯ ಮೇಲೆ ಒಂದು ಶಾಮಿಯಾನ, ಎರಡು ಶಾಲು ಮತ್ತು ಹಾರ, ಮೂರು ಅಡುಗೆಯವರಿಗೆ ಹೇಳುವುದು, ನಾಲ್ಕು ಹೆಡ್‌ಮಾಸ್ತರರಿಗೆ ತಿಳಿಸುವುದು ಎಂದು ಬರೆದೆ. ನಾಲ್ಕನೆಯದು ಕೊನೆಗೆ ಹೋದದ್ದಕ್ಕೆ ಕಾರಣವಿತ್ತು. ಅವರಿಗೆ ಹಾರ ತುರಾಯಿ ಕಂಡರೆ ಆಗುತ್ತಿರಲಿಲ್ಲ. ಹೇಳಿದರೆ ಬೈಯುತ್ತಾರೆಂದು ಎಲ್ಲರೂ ಆ ಕೆಲಸವನ್ನು ನನ್ನ ಮೇಲೆ ಹಾಕಿದ್ದರು, ನಾನು ಕಂಪ್ಯೂಟರಿನ ಮೇಲೆ ಹಾಕಿದ್ದೆ.

ಸೋಮವಾರ ಅಡುಗೆಯವರಿಗೆ ಹೇಳಿ ಬಂದು 'ಡನ್ 3' ಎಂದು ಒತ್ತಿದೆ. ಪರದೆ ಏನೋ ಒಂದು ಸಾಲು ಇಂಗ್ಲಿಷಿನಲ್ಲಿ ಹೇಳಿತು. ಕನ್ನಡಕ ಕೈಗೆಟುಕಲಿಲ್ಲ. ತೆಗೆದುಕೊಂಡಿತೋ ಇಲ್ಲವೋ ಎಂಬ ಅನುಮಾನದಿಂದ ಇನ್ನೊಮ್ಮೆ ಅದನ್ನೇ ಒತ್ತಿದೆ. ಅಷ್ಟರಲ್ಲಿ ಹೆಡ್‌ಮಾಸ್ತರರು ಮೂರನೆಯ ನಂಬರಿಗೆ ಸರಿದು ಕೂತಿದ್ದರು. ಅವರೂ ಮುಗಿದರು.

ಮೂರು ದಿನ ಬಿಟ್ಟು ಪಟ್ಟಿ ನೋಡಿದರೆ ಶಾಮಿಯಾನ ಮತ್ತು ಹಾರ ಎರಡೇ ಉಳಿದಿದ್ದವು. ಅಂದರೆ ಹೆಡ್‌ಮಾಸ್ತರರಿಗೆ ತಿಳಿಸಿಯಾಗಿದೆ. ಯಾವಾಗ ಎಂದು ಯೋಚಿಸುತ್ತ ಕೂತೆ. ನಿಧಾನವಾಗಿ ನೆನಪು ಬಂತು: ವರಾಂಡದಲ್ಲಿ, ಪ್ರಾರ್ಥನೆಯ ನಂತರ, ಅವರು ಹೂಂ ಎಂದು ಗೋಣು ಹಾಕಿದರು. ಬೈಯಲಿಲ್ಲವಲ್ಲ ಎಂದು ಖುಷಿಯೂ ಆಯಿತು. ಮರೆಯುವುದರಲ್ಲಿ ನಾನು ಗಟ್ಟಿಗ ಎಂದು ಗೊತ್ತಿತ್ತು. ನಡೆಯದ್ದನ್ನು ನೆನಪಿಸಿಕೊಳ್ಳುವುದರಲ್ಲೂ ಅಷ್ಟೇ ಗಟ್ಟಿಗ ಎಂಬುದು ಆಮೇಲೆ ತಿಳಿಯಿತು.

ಶನಿವಾರ ಬೆಳಿಗ್ಗೆ ಶಾಮಿಯಾನ ಏರಿತು. ಗೋಧಿ ಹುಗ್ಗಿಯ ವಾಸನೆ ಗೇಟಿನವರೆಗೆ ಬರುತ್ತಿತ್ತು. ಕೆಂಭಾವಿಯ ಹಿರಿಯ ನಿವೃತ್ತ ಶಿಕ್ಷಕರೊಬ್ಬರು ಮುಖ್ಯ ಅತಿಥಿಯಾಗಿ ಬಂದು ಕೂತರು. ನಡುವಿನ ಕುರ್ಚಿ ಖಾಲಿ ಇತ್ತು. ಸಮಾಜ ವಿಜ್ಞಾನದ ಸೌಭಾಗ್ಯ ಟೀಚರನ್ನು ಕೇಳಿದೆ.

"ಸರ್ ಪಿಂಚಣಿ ಕಾಗದ ಕೊಡಲಾಕ ಯಾದಗಿರಿಗಿ ಹೋಗ್ಯಾರ್ರಿ. ಇವತ್ತು ರಜಾ ಹಾಕ್ಯಾರ."

"ಕಾರ್ಯಕ್ರಮ ಬಿಟ್ಟು?"

"ಕಾರ್ಯಕ್ರಮದ ಹೊತ್ತಿಗಿ ಬರ್ತಾರ ಅನ್ಕೊಂಡಿದ್ದೆ. ಅವರಿಗಿ ಹೇಳಿದವರು ನೀವ ಅಲ್ರಿ?"

ನನ್ನ ವರಾಂಡ, ಪ್ರಾರ್ಥನೆ, ಅವರು ಗೋಣು ಹಾಕಿದ್ದು ಎಲ್ಲ ಒಂದೇ ಕ್ಷಣದಲ್ಲಿ ಕರಗಿದವು. ಶಾಮಿಯಾನದ ಹಿಂದೆ ಹೋಗಿ ಫೋನ್ ಮಾಡಿದೆ.

"ಸರ್, ಎಲ್ಲಿದ್ದೀರಿ?"

"ಯಾದಗಿರಿಯಾಗ. ಯಾಕ?"

"ಇಲ್ಲಿ ನಿಮ್ಮ ಬೀಳ್ಕೊಡುಗೆ ನಡ್ಯಾಕತ್ತದ್ರಿ."

ಬಸ್ ನಿಲ್ದಾಣದ ಗದ್ದಲದ ನಡುವೆ ಅವರು ಕೂಗಿ ಕೇಳಿದರು: "ನಾ ಇಲ್ದ?"

"ನೀವೂ ಬಂದ್ರ ಚಲೋ ಆಗ್ತದ್ರಿ ಸರ್."

ಅವರು ಶಹಾಪುರದ ಮೇಲೆ ಬರುವ ಬಸ್ಸು ಹಿಡಿದರು. ಆ ಎರಡು ತಾಸು ಹೇಗೆ ಕಳೆದೆನೋ ಹೇಳಲಾರೆ. ಮೊದಲು ಮಕ್ಕಳಿಗೆ ಊಟ ಹಾಕಿಸಿದೆ. ಆಮೇಲೆ ಅತಿಥಿಗಳನ್ನು ಮಾತಾಡಲು ಬೇಡಿಕೊಂಡೆ. ಅವರು ಖಾಲಿ ಕುರ್ಚಿಯ ಕಡೆ ಕೈ ತೋರಿಸಿ, ಬಸವಂತರಾಯರು ಯಾವತ್ತೂ ಒಂದು ನಿಮಿಷ ತಡ ಮಾಡಿದವರಲ್ಲ ಎಂದು ಒಂದು ಗಂಟೆ ಮಾತಾಡಿದರು.

ಎರಡೂವರೆಗೆ ಹೆಡ್‌ಮಾಸ್ತರರು ಬಗಲಲ್ಲಿ ಫೈಲು ಹಿಡಿದು, ತಲೆ ತುಂಬ ಧೂಳು ಹೊತ್ತು ಬಂದರು. ಶಾಲು ಹೊದಿಸುವಾಗ ನಾನು ಅವರ ಮುಖ ನೋಡಲಿಲ್ಲ. ಅವರು ಮೈಕಿನ ಮುಂದೆ ನಿಂತು ಗಂಟಲು ಸರಿ ಮಾಡಿಕೊಂಡರು.

"ಮೊದಲೇ ಹೇಳಿದ್ರ ನಾ ಬ್ಯಾಡ ಅಂತಿದ್ದೆ. ಹಟ ಮಾಡಿದ್ರ ಊರ ಬಿಟ್ಟು ಹೋಗ್ತಿದ್ದೆ. ಅದಕ್ಕ ಈ ಮಾಸ್ತರು ನನಗ ಸುದ್ದಿನೇ ಹತ್ತಗೊಡಲಿಲ್ಲ. ನನ್ನ ಸ್ವಭಾವ ಸರಿಯಾಗಿ ತಿಳಿದಾವ ಇವನೊಬ್ಬನ."

ಭಾಷಣ ಬರೆದು ತಂದಿರಲಿಲ್ಲವಾದ್ದರಿಂದ ಅವರು ಎದುರಿಗೆ ಕೂತ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಮಾತಾಡಿಸಿದರು. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಶಾಲಿನ ಅಂಚಿನಿಂದ ಕಣ್ಣು ಒರೆಸಿಕೊಳ್ಳತೊಡಗಿದರು. ಸೌಭಾಗ್ಯ ಟೀಚರ್ ಕೂಡ ಅತ್ತರು. ನಾನು ತಲೆ ತಗ್ಗಿಸಿ ನಿಂತಿದ್ದೆ. ನೋಡಿದವರು ಅದನ್ನು ವಿನಯ ಎಂದುಕೊಂಡರು.

ಮನೆಗೆ ಬಂದ ಮೇಲೆ ಶರಣಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ನಾಳಿಗಿ ಹೋಗಿ ಅವರಿಗೂ ಹೇಳಿ ಬರ್ರಿ," ಎಂದಳು. ಭಾನುವಾರ ಹೋದೆ. ಹೆಡ್‌ಮಾಸ್ತರರು ಪಕ್ಕದ ಮನೆಯ ಮಾಸ್ತರರ ಎದುರು ಕೂತು, ನಾನೇ ಉಪಾಯ ಹೂಡಿ ತಮ್ಮನ್ನು ಯಾದಗಿರಿಗೆ ಕಳಿಸಿದೆ ಎಂಬಲ್ಲಿಗೆ ಕಥೆಯನ್ನು ಬೆಳೆಸಿದ್ದರು. ಚಹಾ ಬಂತು. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಆ ಮಾಸ್ತರರು ನನ್ನ ಕೈ ಹಿಡಿದುಕೊಂಡರು.

"ಬರೋ ವರ್ಷ ನಂದೂ ನಿವೃತ್ತಿ ಅದರಿ. ನೀವ ಮಾಡಬೇಕು. ನನಗೂ ಹೇಳಬ್ಯಾಡ್ರಿ ಮತ್ತ."

"ಆಗಲ್ರಿ," ಎಂದು ಒಪ್ಪಿಕೊಂಡು ಚಹಾ ಕುಡಿದೆ. ಹೇಳಬೇಕಾದ್ದನ್ನು ಹೇಳದೆ ಬರುವ ಕೆಲಸದಲ್ಲಿ ನನ್ನಷ್ಟು ಅನುಭವ ಇದ್ದವರು ಈ ತಾಲ್ಲೂಕಿನಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ.